ಪಂಚಮಿ ಉಂಡಿ ಕಟ್ಟುವ ಮುನ್ನ

ಶ್ರಾವಣ ಹತ್ತಿರ ಬಂತೆಂದರೆ ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಹಳ್ಳಿಗಳಲ್ಲಿ ಶೇಂಗಾ ಹುರಿಯುವ ವಾಸನೆ ಓಣಿ ತುಂಬ ಹರಡುತ್ತದೆ. ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ತವರಿಗೆ ಕರೆತರಬೇಕು, ನಾಗಪ್ಪಗೆ ಹಾಲೆರೆಯಬೇಕು, ಜೋಕಾಲಿ ಆಡಬೇಕು, ತಿರುಗಿ ಹೋಗುವಾಗ ಡಬ್ಬಿ ತುಂಬ ಉಂಡಿ ಒಯ್ಯಬೇಕು. ಬರಲಾಗದ ಮಗಳಿಗೆ ಉಂಡಿಯೇ ಬಸ್ ಹತ್ತಿ ಹೋಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಪಂಚಮಿ ವಾರದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಸೀಟಿನ ಕೆಳಗೆ, ತೊಡೆಯ ಮೇಲೆ, ಎಲ್ಲಿ ನೋಡಿದರೂ ಸ್ಟೀಲ್ ಡಬ್ಬಿ.

ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ, ಲಡಗಿ ಉಂಡಿ, ಸೇವಿನ ಉಂಡಿ, ಪುಠಾಣಿ ಉಂಡಿ, ಚುರುಮುರಿ ಉಂಡಿ. ಇವನ್ನು ಕಟ್ಟುವುದು ಹೇಗೆಂದು ನಿಮಗೆ ಹೇಳಿಕೊಡುವ ಧೈರ್ಯ ನನಗಿಲ್ಲ. ಆದರೆ ಉಂಡಿ ಮಾಡುವ ಕೈ ಮತ್ತು ಹಾಲು ಹಿಂಡುವ ಕೈ ಒಂದೇ ಆಗಿರುವ ಮನೆಗಳಲ್ಲಿ ಅಡಿಗೆಮನೆಯ ಕೆಲಸ ದನದ ಮನೆಗೆ ಹೋಗುತ್ತದೆ, ದನದ ಮನೆಯದು ಅಡಿಗೆಮನೆಗೆ ಬರುತ್ತದೆ. ಹಬ್ಬದ ಹಿಂದೆ ಮುಂದೆ ಬರುವ ಫೋನ್ ಕರೆಗಳನ್ನು ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಅದರ ಬಗ್ಗೆ ನಾಲ್ಕು ಮಾತು.

ಮೊದಲು ತುಪ್ಪದ ಲೆಕ್ಕ. ಒಂದು ಕೆಜಿ ರವೆಗೆ ಸುಮಾರು ಕಾಲು ಕೆಜಿ ತುಪ್ಪ ಬೇಕು, ಒಂದು ಕೆಜಿ ಬೇಸನ್‌ಗೆ ಅರ್ಧ ಕೆಜಿ. ಎರಡೂ ಮಾಡುವುದಾದರೆ ಮುಕ್ಕಾಲು ಕೆಜಿ ಆಯಿತು. ಶೇಕಡಾ 7ರಷ್ಟು ಕೊಬ್ಬಿರುವ ಎಮ್ಮೆ ಹಾಲಾದರೆ ಒಂದು ಕೆಜಿ ತುಪ್ಪಕ್ಕೆ 15ರಿಂದ 16 ಲೀಟರ್ ಹಾಲು ಬೇಕಾಗುತ್ತದೆ. ಶೇಕಡಾ 4ರ ಆಕಳ ಹಾಲಾದರೆ 27, 28 ಲೀಟರ್. ಅಂದರೆ ನಿಮ್ಮ ಮುಕ್ಕಾಲು ಕೆಜಿಗೆ ಎಮ್ಮೆಯದು 12 ಲೀಟರ್, ಆಕಳದು 21 ಲೀಟರ್ ಹತ್ತಿರ ಬರುತ್ತದೆ. ಇಷ್ಟನ್ನು ಹಬ್ಬದ ಹಿಂದಿನ ಎರಡು ದಿನದಲ್ಲಿ ಉಳಿಸಲು ಹೋದರೆ ಸಂಘಕ್ಕೆ ಹಾಕಲು ಏನೂ ಇರುವುದಿಲ್ಲ. ದಿನಕ್ಕೆ ಒಂದು ಲೀಟರಿನಂತೆ ಮೂರು ವಾರ ಮೊದಲೇ ತೆಗೆದಿಟ್ಟರೆ ಕೈಗೆ ಬರುವ ಬಟವಾಡೆಗೂ ಅಷ್ಟು ಪೆಟ್ಟು ಬೀಳುವುದಿಲ್ಲ.

ಹಾಗೆ ಕೂಡಿಡುವಾಗ ಕೆನೆಯನ್ನು ಹದಿನೈದು ದಿನ ಗಡಿಗೆಯಲ್ಲಿ ಇಟ್ಟು ಒಮ್ಮೆಲೇ ಕಡೆಯಬೇಡಿ. ಮಳೆಗಾಲದಲ್ಲಿ ಅದು ಹುಳಿಯಾಗಿ, ಕಹಿಯಾಗಿ, ತುಪ್ಪಕ್ಕೂ ಆ ವಾಸನೆ ಬರುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಕಡೆದು ಬೆಣ್ಣೆ ತೆಗೆದು ಕಾಯಿಸಿಬಿಡಿ. ಬೆಣ್ಣೆಯಲ್ಲಿ ಶೇಕಡಾ 16ರವರೆಗೂ ನೀರು ಇರುತ್ತದೆ. ಆ ನೀರು ಹೋಗುವ ತನಕ ಚಟಪಟ ಸದ್ದು ನಿಲ್ಲುವುದಿಲ್ಲ. ನಮ್ಮ ಅಜ್ಜಿಯಂದಿರು ಕಾಯುವ ತುಪ್ಪಕ್ಕೆ ಒಂದು ವೀಳ್ಯದೆಲೆ ಹಾಕುತ್ತಿದ್ದುದು ಬರೀ ಘಮಕ್ಕಲ್ಲ, ಎಲೆ ಗರಿಗರಿಯಾಯಿತೆಂದರೆ ನೀರು ಹೋಯಿತೆಂದು ಗೊತ್ತಾಗುತ್ತಿತ್ತು. ಕಾಯಿಸಿದ ತುಪ್ಪ ಒಣಗಿದ ಸ್ಟೀಲ್ ಡಬ್ಬಿಯಲ್ಲೋ ಗಾಜಿನ ಭರಣಿಯಲ್ಲೋ ಇರಲಿ. ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಬೇಗ ಕಮಟು ಹಿಡಿಯುತ್ತದೆ.

ರವೆ ಉಂಡಿ ಕಟ್ಟುವಾಗ ಒಡೆಯುತ್ತದೆಂದು ಹಾಲು ಚಿಮುಕಿಸುವವರು ಬಹಳ ಜನ. ಮನೆಯಲ್ಲೇ ತಿನ್ನುವುದಕ್ಕೆ, ಎರಡು ದಿನದಲ್ಲಿ ಮುಗಿಯುವುದಕ್ಕೆ ಅಡ್ಡಿಯಿಲ್ಲ. ಮಗಳ ಮನೆಗೆ, ಬೀಗರ ಮನೆಗೆ, ಹಾಸ್ಟೆಲಿನ ಮೊಮ್ಮಗನಿಗೆ ಹೋಗುವ ಉಂಡಿಗೆ ಹಾಲಿನ ಹನಿಯೂ ಬೇಡ. ಹಸಿ ಬಿದ್ದಲ್ಲಿ ಮೂರನೇ ದಿನಕ್ಕೆ ಬೂಷ್ಟು ಬರುತ್ತದೆ. ಸಕ್ಕರೆ ಎಳೆ ಪಾಕದಲ್ಲಿ ಕಟ್ಟಿ, ಇಲ್ಲವೇ ಇನ್ನೊಂದೆರಡು ಚಮಚ ಬಿಸಿ ತುಪ್ಪ ಹಾಕಿ. ಹಸಿ ಕೊಬ್ಬರಿ ಬದಲು ಒಣ ಕೊಬ್ಬರಿ. ಉಂಡಿ ಪೂರಾ ಆರಿದ ಮೇಲೆಯೇ ಡಬ್ಬಿ ಮುಚ್ಚಳ ಹಾಕಬೇಕು, ಇಲ್ಲದಿದ್ದರೆ ಮುಚ್ಚಳದ ಒಳಗೆ ಬೆವರು ಕಟ್ಟಿ ಮೇಲಿನ ಸಾಲಿನ ಉಂಡಿಯ ಮೇಲೆ ಹನಿ ಬೀಳುತ್ತದೆ.

ಖೋವಾ ವಿಷಯಕ್ಕೂ ಇದೇ ಮಾತು. ಧಾರವಾಡದ ಪೇಡಾ ನೋಡಿ ನಾವೂ ಮಾಡೋಣವೆಂದು ಅನ್ನಿಸುವುದು ಸಹಜ, ಮನೆಯಲ್ಲಿ ಹಾಲಿದೆ. ಐದು ಲೀಟರ್ ಎಮ್ಮೆ ಹಾಲು ಇಂಗಿಸಿದರೆ ಒಂದು ಕೆಜಿ ಆಸುಪಾಸು ಖೋವಾ ಸಿಗುತ್ತದೆ. ಆದರೆ ಧಾರವಾಡ ಪೇಡಾವನ್ನು ಸಕ್ಕರೆಯೊಂದಿಗೆ ಕಂದು ಬಣ್ಣ ಬರುವವರೆಗೆ ಹುರಿದು ನೀರು ಆರಿಸಿರುತ್ತಾರೆ. ಅದಕ್ಕೇ ಅದು ತಡೆಯುತ್ತದೆ. ಬೆಳ್ಳಗೆ ಮೆತ್ತಗಿರುವ ಮನೆಯ ಖೋವಾ ಶ್ರಾವಣದ ಥಂಡಿಯಲ್ಲಿ, ಫ್ರಿಜ್ ಇಲ್ಲದೆ, ಎರಡು ದಿನಕ್ಕಿಂತ ಹೆಚ್ಚು ಇಡುವಂಥದ್ದಲ್ಲ. ಕೊಡುವುದಾದರೆ ಓಣಿಯೊಳಗೆ ಕೊಡಿ, ಬಸ್ಸಿಗೆ ಹಾಕಬೇಡಿ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ. ಕೆಚ್ಚಲು ಬಾವು ಬಂದ ಆಕಳಿಗೆ ಸೂಜಿ ಹಾಕಿ, ಇಷ್ಟು ದಿನ ಹಾಲು ಸಂಘಕ್ಕೆ ಹಾಕಬೇಡಿ ಎಂದು ಹೇಳಿ ಬರುತ್ತೇವೆ. ನಿಷ್ಠೆಯಿಂದ ಹಾಕುವುದಿಲ್ಲ. ಆದರೆ ಮರುದಿನ ಹೋದರೆ, "ಡೈರಿಗಂತೂ ಹಾಕಿಲ್ರಿ ಡಾಕ್ಟರ್ರ, ಚೆಲ್ಲಾಕ ಮನಸ್ಸು ಬರಲಿಲ್ಲ, ಹೆಂಗೂ ಹಬ್ಬ ಐತಿ, ಖೋವಾ ಮಾಡೀವಿ" ಎಂಬ ಮಾತು. ಹಾಲನ್ನು ಚೆಲ್ಲುವುದು ಎಷ್ಟು ಸಂಕಟವೆಂದು ಗೊತ್ತಿದೆ. ಆದರೂ ಸಂಘದ ಕ್ಯಾನಿಗೆ ಬೇಡವಾದ ಹಾಲು ಮಗಳ ಡಬ್ಬಿಗೆ ಹೇಗೆ ಬಂತು?

ಕುದಿಸಿದರೆ ಔಷಧಿ ಹೋಗುತ್ತದೆಂಬುದು ಎಲ್ಲರ ನಂಬಿಕೆ. ಕುದಿಸಿದರೆ ರೋಗಾಣು ಸಾಯುತ್ತದೆ, ಅದು ನಿಜ. ನಾವು ಹಾಕುವ ಹೆಚ್ಚಿನ ಆಂಟಿಬಯೋಟಿಕ್‌ಗಳು ಕುದಿತಕ್ಕೆ ಹೋಗುವುದಿಲ್ಲ. ಖೋವಾ ಮಾಡಿದಾಗಂತೂ ಐದು ಲೀಟರಿನ ನೀರು ಆವಿಯಾಗಿ, ಔಷಧಿ ಮಾತ್ರ ಒಂದು ಕೆಜಿಯಲ್ಲಿ ಕೂತಿರುತ್ತದೆ. ಪೆನ್ಸಿಲಿನ್ ಆಗದವರು ತಿಂದರೆ ಮೈಯೆಲ್ಲ ದದ್ದು ಏಳಬಹುದು, ಕೆಲವರಿಗೆ ಉಸಿರಾಟಕ್ಕೇ ತೊಂದರೆಯಾಗಬಹುದು. ದಿನವೂ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಹೋದರೆ ಮುಂದೆ ಮಗುವಿಗೆ ನಿಜವಾಗಿ ಔಷಧಿ ಬೇಕಾದಾಗ ರೋಗಾಣು ಅದಕ್ಕೆ ಬಗ್ಗುವುದಿಲ್ಲ. ಈ ಹಾಲಿಗೆ ಹೆಪ್ಪು ಹಾಕಿ ನೋಡಿದವರಿಗೆ ಗೊತ್ತು, ಮೊಸರು ಸರಿಯಾಗಿ ಕಟ್ಟುವುದಿಲ್ಲ. ಹೆಪ್ಪಿನ ಜೀವಾಣುವನ್ನೇ ಬದುಕಗೊಡದ ಹಾಲು ಅದು.

ಆದ್ದರಿಂದ ಕೊನೆಯ ಸೂಜಿಯೋ ಕೆಚ್ಚಲ ಟ್ಯೂಬೋ ಆದ ಮೇಲೆ, ಔಷಧಿಯನ್ನು ನೋಡಿ, ಸಾಮಾನ್ಯವಾಗಿ 3ರಿಂದ 5 ದಿನ, ಕೆಲವಕ್ಕೆ ಇನ್ನೂ ಹೆಚ್ಚು ದಿನ ಆ ಹಾಲು ಯಾರಿಗೂ ಬೇಡ. ಒಂದೇ ಮೊಲೆಗೆ ಟ್ಯೂಬ್ ಹಾಕಿದ್ದರೂ ನಾಲ್ಕೂ ಮೊಲೆಯ ಹಾಲು ಬೇಡ. ಔಷಧಿ ರಕ್ತಕ್ಕೆ ಸೇರಿ ಉಳಿದ ಮೊಲೆಗಳಿಗೂ ಬರುತ್ತದೆ. ಕರುವಿಗೂ ಕುಡಿಸಬೇಡಿ. ನಮ್ಮವರು ಬಂದಾಗ ಯಾವ ತಾರೀಖಿನ ತನಕ ಎಂದು ಕೇಳಿ, ದನದ ಮನೆಯ ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆಸಿಕೊಳ್ಳಿ. ಹಾಲು ಹಿಂಡುವವರು ಒಬ್ಬರು, ಒಲೆಯ ಮುಂದೆ ನಿಲ್ಲುವವರು ಇನ್ನೊಬ್ಬರು ಇರುವ ಮನೆಯಲ್ಲಿ ಬಾಯಿಮಾತು ಸಾಲುವುದಿಲ್ಲ.

ಇನ್ನೊಂದು ಸಂಗತಿ ಶೇಂಗಾದ್ದು. ಇದನ್ನು ಗಮನಿಸುವವರು ಇನ್ನೂ ಕಡಿಮೆ.

ಹೊಸ ಶೇಂಗಾ ಬರುವುದು ಮುಂಗಾರಿನ ಬೆಳೆ ಕಿತ್ತ ಮೇಲೆ. ಶ್ರಾವಣದಲ್ಲಿ ನಾವು ಉಂಡಿಗೆ ತೆಗೆಯುವುದು ಬೇಸಿಗೆ ಬೆಳೆಯದು, ಇಲ್ಲವೇ ಹೋದ ವರ್ಷದ ಚೀಲದ ತಳದ್ದು. ಜೂನ್‌ನಿಂದ ಮಳೆ ಹಿಡಿದಿರುತ್ತದೆ, ನೆಲ ಥಂಡಿ, ಚೀಲ ಗೋಡೆಗೆ ಆನಿಕೊಂಡಿರುತ್ತದೆ. ಕಾಳು ಮೊರಕ್ಕೆ ಹಾಕಿ ನೋಡಿದರೆ ಒಂದಿಷ್ಟು ಮುದುಡಿರುತ್ತವೆ, ಒಂದಿಷ್ಟು ಕಪ್ಪಾಗಿರುತ್ತವೆ, ಕೆಲವು ಒಡೆದರೆ ಒಳಗೆ ಹಸಿರು ಹಳದಿ ಬೂಷ್ಟು. ನಮ್ಮ ತಾಯಂದಿರ ಕಣ್ಣು ಬಹಳ ಚುರುಕು. ಒಂದೊಂದೇ ಆರಿಸಿ ಬೇರೆ ಮಾಡುತ್ತಾರೆ. ಉಂಡಿ ಕಹಿ ಆಗಬಾರದು, ತವರಿನ ಹೆಸರು ಹೋಗಬಾರದು. ಆರಿಸಿ ಬಿಟ್ಟ ಕಾಳು ಎಲ್ಲಿಗೆ ಹೋಗುತ್ತದೆ? ಮುಸುರೆ ಬಾನಿಗೆ. ಅಲ್ಲಿಂದ ಎಮ್ಮೆಯ ಹೊಟ್ಟೆಗೆ.

ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಇದು ಪತ್ತೆಯಾದ ಬಗೆ ಹೇಳುತ್ತೇನೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಲವೇ ತಿಂಗಳಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಯಾವ ರೋಗವೆಂದು ತಿಳಿಯದೆ ಹುಡುಕುತ್ತ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿ. ಅದಕ್ಕೆ ಬೂಷ್ಟು ಹಿಡಿದಿತ್ತು. ದೂರದ ಮಾತು ಎನ್ನಬೇಡಿ. 1974ರಲ್ಲಿ ನಮ್ಮದೇ ದೇಶದ ಗುಜರಾತ್, ರಾಜಸ್ಥಾನದ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಬಂದ ಗೋವಿನಜೋಳ ತಿಂದು ಲಿವರ್ ಕೆಟ್ಟು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅವರ ಮನೆಯ ನಾಯಿಗಳೂ ಸತ್ತವು. ಗೋವಿನಜೋಳವೆಂದರೆ ನಮ್ಮ ಜಿಲ್ಲೆಯ ಹೊಲಹೊಲದ ಬೆಳೆ, ನಮ್ಮ ದನಗಳ ಮೇವೂ ಹೌದು.

ಈ ವಿಷ ಆಕಳ ಹೊಟ್ಟೆಗೆ ಹೋದರೆ ಅದರ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಬರುತ್ತದೆ. ಇವತ್ತು ತಿಂದದ್ದು ಒಂದು ದಿನದೊಳಗೆ ಹಾಲಿನಲ್ಲಿ ಕಾಣಿಸುತ್ತದೆ. ಕುದಿಸಿದರೂ ಹೋಗುವುದಿಲ್ಲ, ಡೈರಿಯಲ್ಲಿ ಪಾಶ್ಚರೀಕರಣ ಮಾಡಿದರೂ ಹೋಗುವುದಿಲ್ಲ. ಅದು ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಹಾಗಾಗಿ ಪನೀರ್ ಮಾಡಿದರೆ, ಖೋವಾ ಮಾಡಿದರೆ ಇನ್ನೂ ದಟ್ಟವಾಗುತ್ತದೆ. ನಮ್ಮ ದೇಶದ ಆಹಾರ ಕಾನೂನು ಒಂದು ಕೆಜಿ ಹಾಲಿನಲ್ಲಿ ಇದು 0.5 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ. ಒಂದು ಗ್ರಾಂ ಅನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಅರ್ಧ ಪಾಲು. ಅಷ್ಟು ಚಿಕ್ಕ ಲೆಕ್ಕ ಇಟ್ಟಿದ್ದಾರೆಂದರೆ ಕಾರಣವಿದೆ: ಇದು ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಹೋದರೂ ಲಿವರ್ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಮನೆಯ ಹಾಲನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವರು ಮಕ್ಕಳು.

ದನಕ್ಕೂ ನಷ್ಟವೇ. ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಗಬ್ಬ ನಿಲ್ಲುವುದಿಲ್ಲ, ಒಂದು ರೋಗ ವಾಸಿಯಾಗುವುದರೊಳಗೆ ಇನ್ನೊಂದು. ಕರುಗಳು ಇದನ್ನು ತಾಳುವುದು ಇನ್ನೂ ಕಡಿಮೆ. ಇಷ್ಟಕ್ಕೆಲ್ಲ ಆರಿಸಿ ಬಿಟ್ಟ ಒಂದು ಬೊಗಸೆ ಶೇಂಗಾ ಕಾರಣವೇ ಎಂದರೆ, ಒಂದು ಬೊಗಸೆಯಿಂದ ಎಮ್ಮೆ ಮಲಗಿಬಿಡುವುದಿಲ್ಲ. ಆದರೆ ಬೊಗಸೆ ಶೇಂಗಾ ಕೊಡುವ ಮನೆಯಲ್ಲಿ ತಳ ಹತ್ತಿದ ಹಿಂಡಿಯನ್ನೂ, ಮುಗ್ಗಿದ ಗೋವಿನಜೋಳವನ್ನೂ, ಬೂಷ್ಟು ಬಂದ ರೊಟ್ಟಿಯನ್ನೂ ಕೊಡುತ್ತಾರೆ. "ನಮಗ ಬ್ಯಾಡಾದದ್ದು ದನಕ್ಕ" ಎಂಬ ರೂಢಿ ಅದು. ಸಿಪ್ಪೆಗೆ, ಸೊಪ್ಪಿಗೆ ಆ ರೂಢಿ ಸರಿ. ಬೂಷ್ಟಿಗೆ ಅಲ್ಲ.

ಒಂದು ಸಮಾಧಾನದ ಸಂಗತಿಯೂ ಇದೆ. ಕೆಟ್ಟ ಮೇವು ನಿಲ್ಲಿಸಿದರೆ ಮೂರು ನಾಲ್ಕು ದಿನದಲ್ಲಿ ಹಾಲು ತಿಳಿಯಾಗುತ್ತದೆ. ಆರಿಸಿ ಬಿಟ್ಟ ಶೇಂಗಾವನ್ನು ಒಲೆಗೆ ಹಾಕಿ, ಇಲ್ಲವೇ ಗುಂಡಿಯಲ್ಲಿ ಮುಚ್ಚಿ. ಕೋಳಿಗೂ ಬೇಡ. ಎಣ್ಣೆ ತೆಗೆಸಲೂ ಬೇಡ, ಹಿಂಡಿಯಾಗಿ ತಿರುಗಿ ದನದ ಮುಂದೆಯೇ ಬರುತ್ತದೆ. ಖಾರ ಹಾಕಿದರೆ ಗೊತ್ತಾಗುವುದಿಲ್ಲವೆಂದು ಚಟ್ನಿಪುಡಿಗೆ ಕುಟ್ಟುವವರೂ ಇದ್ದಾರೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಕೊಡುತ್ತದೆ, ವಿಷ ತೆಗೆಯುವುದಿಲ್ಲ. ಮುಂದಿನ ಬೆಳೆ ಬಂದಾಗ ಕಾಯಿ ಅಲುಗಾಡಿಸಿದರೆ ಒಳಗೆ ಗಿಲಗಿಲ ಎನ್ನುವ ತನಕ ಒಣಗಿಸಿ, ಚೀಲವನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ಗೋವಿನಜೋಳದ ಚೀಲಕ್ಕೂ ಹಿಂಡಿಯ ಚೀಲಕ್ಕೂ ಅದೇ. ಪಶು ಆಹಾರದ ಚೀಲವನ್ನು ಮಳೆಗಾಲದಲ್ಲಿ ಮೂರು ತಿಂಗಳಿಗೆ ಆಗುವಷ್ಟು ಒಮ್ಮೆಗೇ ತರಬೇಡಿ, ತಿಂಗಳಿಗೆ ಬೇಕಾದಷ್ಟು ತನ್ನಿ.

ಗಿಣ್ಣದ ಮಾತು ಸಣ್ಣದು. ಎಮ್ಮೆಗಳು ನಮ್ಮ ಕಡೆ ಹೆಚ್ಚಾಗಿ ಮಳೆಗಾಲದಿಂದ ಚಳಿಗಾಲದ ತನಕ ಈಯುತ್ತವೆ, ಹಾಗಾಗಿ ಪಂಚಮಿ ಡಬ್ಬಿಯ ಜೊತೆ ಒಂದು ತಟ್ಟೆ ಗಿಣ್ಣವೂ ಓಣಿ ತಿರುಗುತ್ತದೆ. ಬೆಲ್ಲ, ಏಲಕ್ಕಿ ಹಾಕಿದ ಗಿಣ್ಣಕ್ಕೆ ಸಮನಾದ ಸಿಹಿ ಯಾವುದಿದೆ? ಏಲಕ್ಕಿ ಹಾರದ ಊರಿನವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಆದರೆ ಮೊದಲ ದಿನದ ಗಿಣ್ಣದ ಹಾಲು ಕರುವಿನದು. ಹುಟ್ಟಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮೊದಲ ಗುಟುಕು, ಮೊದಲ ದಿನ ಅದರ ತೂಕದ ಹತ್ತನೇ ಒಂದು ಪಾಲು. 30 ಕೆಜಿ ಕರುವಿಗೆ 3 ಲೀಟರ್, ಮೂರು ನಾಲ್ಕು ಸಲಕ್ಕೆ ಹಂಚಿ. ರೋಗ ತಡೆಯುವ ಶಕ್ತಿ ಕರು ಹುಟ್ಟುವಾಗ ಅದರ ಮೈಯಲ್ಲಿರುವುದಿಲ್ಲ, ಗಿಣ್ಣದಿಂದಲೇ ಬರಬೇಕು. ಒಂದು ದಿನ ಕಳೆದರೆ ಕರುಳು ಅದನ್ನು ಹೀರಿಕೊಳ್ಳುವುದನ್ನೇ ನಿಲ್ಲಿಸುತ್ತದೆ. ಸತ್ತಿ ಬೀಳಲಿ ಎಂದು ಕಾಯುತ್ತ ಕರುವನ್ನು ದೂರ ಕಟ್ಟಬೇಡಿ. ಎರಡನೇ, ಮೂರನೇ ದಿನ ಕರು ಕುಡಿದು ಉಳಿದದ್ದರಲ್ಲಿ ಗಿಣ್ಣ ಮಾಡಿ ಹಂಚಿದರೆ ಯಾರೂ ಬೇಡವೆನ್ನುವುದಿಲ್ಲ. ಗಂಡು ಕರುವಿಗೂ ಅಷ್ಟೇ ಪಾಲು ಎಂದು ಬರೆಯಬೇಕಾಗಿ ಬಂದಿರುವುದಕ್ಕೆ ಬೇಸರವಿದೆ.

ಹಬ್ಬ ಮುಗಿದ ಮರುದಿನದ ಫೋನ್‌ಗಳ ವಿಷಯ ಬೇರೆ. ರೊಟ್ಟಿ ಪಂಚಮಿಯ ರೊಟ್ಟಿ, ಉಳಿದ ಕಡುಬು, ಅನ್ನ, ಹೋಳಿಗೆ, ಒಡೆದ ಉಂಡಿ, ಪಾಕ ಹತ್ತಿದ ಪಾತ್ರೆಯ ನೀರು. ಎಲ್ಲ ಒಟ್ಟಿಗೆ ಬಾನಿಗೆ ಬಿದ್ದು, ಹಬ್ಬದ ದಿನ ದನಕ್ಕೂ ಹೊಟ್ಟೆ ತುಂಬ ಸಿಹಿ ಆಗಲಿ ಎಂಬ ಪ್ರೀತಿಯಿಂದ ಕೊಡುತ್ತೀರಿ. ಆಕಳ ಹೊಟ್ಟೆ ಹುಲ್ಲು, ಕಣಿಕೆ ಅರಗಿಸಲು ಇರುವಂಥದ್ದು. ಒಮ್ಮೆಲೇ ಅಷ್ಟು ಹಿಟ್ಟು, ಬೆಲ್ಲ ಬಿದ್ದರೆ ಒಳಗೆ ಹುಳಿ ಎದ್ದು, ಆ ಹುಳಿ ರಕ್ತಕ್ಕೂ ಸೇರುತ್ತದೆ. ಮೆಲುಕು ನಿಲ್ಲುತ್ತದೆ, ಎಡ ಹೊಟ್ಟೆ ಒತ್ತಿದರೆ ನೀರು ತುಂಬಿದ ಚೀಲದಂತೆ ಅಲುಗುತ್ತದೆ, ಸೆಗಣಿ ತೆಳ್ಳಗೆ, ಹುಳಿ ವಾಸನೆ, ಅದರಲ್ಲಿ ಅರೆಯದ ಕಾಳು. ಆಮೇಲೆ ತೂರಾಡುತ್ತದೆ, ಮಲಗಿದರೆ ಏಳುವುದಿಲ್ಲ. ರಾತ್ರಿ ತಿಂದದ್ದು ಬೆಳಗಿನೊಳಗೆ ಈ ಹಂತಕ್ಕೆ ಬರಬಹುದು.

ಪೂಜೆ ಮಾಡಿ ಒಂದು ಉಂಡಿ, ಅರ್ಧ ಹೋಳಿಗೆ ಬಾಯಿಗಿಟ್ಟರೆ ಏನೂ ಆಗುವುದಿಲ್ಲ. ತೊಂದರೆ ಇರುವುದು ಬಕೆಟ್ಟಿನಲ್ಲಿ. ಓಣಿಯವರೆಲ್ಲ ಒಬ್ಬೊಬ್ಬರಾಗಿ ತಂದು ತಿನ್ನಿಸುವ ಬಾಗಿಲ ಮುಂದಿನ ಆಕಳಿಗೂ ಅದೇ ತೊಂದರೆ. ಉಳಿದ ಅಡಿಗೆ ಇದ್ದೇ ಇದ್ದರೆ ಮೊದಲು ಹೊಟ್ಟೆ ತುಂಬ ಒಣ ಮೇವು ಹಾಕಿ, ಆಮೇಲೆ ಒಂದು ಮುಷ್ಟಿ, ಅಷ್ಟೇ. ಬಾನಿಯನ್ನು ಕಟ್ಟು ಬಿಚ್ಚಿದ ದನ ಮುಟ್ಟದ ಹಾಗೆ ಮುಚ್ಚಿಡಿ.

ಹೀಗಾದ ದನ ಕಂಡರೆ ಹಿಟ್ಟು, ಕಾಳು, ಹಿಂಡಿ ಎಲ್ಲ ನಿಲ್ಲಿಸಿ ಒಣ ಹುಲ್ಲು ಮಾತ್ರ ಮುಂದಿಡಿ, ಹಗುರಾಗಿ ನಡೆದಾಡಿಸಿ. ಗೊಟ್ಟ ಹಾಕಿ ಎಣ್ಣೆ, ಮಜ್ಜಿಗೆ ಸುರಿಯಬೇಡಿ. ತಲೆ ತೂಗುತ್ತಿರುವ ದನಕ್ಕೆ ಅದು ಶ್ವಾಸಕ್ಕೆ ಇಳಿಯುತ್ತದೆ. ಅಡಿಗೆ ಸೋಡಾವನ್ನು ಎಷ್ಟು ಕೊಡಬೇಕೆಂದು ಡಾಕ್ಟರನ್ನು ಕೇಳಿಯೇ ಕೊಡಿ. ಒಕ್ಕೂಟದ ನಿಮ್ಮ ಕ್ಯಾಂಪಿನ ವೈದ್ಯರಿಗೋ, ಹತ್ತಿರದ ಪಶು ಆಸ್ಪತ್ರೆಗೋ, 1962 ನಂಬರಿಗೋ ತಕ್ಷಣ ಫೋನ್ ಮಾಡಿ. ಫೋನಿನಲ್ಲಿ ದನ ಏನು ತಿಂದಿತು, ಎಷ್ಟು ತಿಂದಿತು, ಎಷ್ಟು ಹೊತ್ತಿಗೆ ತಿಂದಿತು ಎಂಬುದನ್ನು ಮೊದಲು ಹೇಳಿ. "ಏನೂ ತಿಂದಿಲ್ರಿ, ಹಂಗ ಮಲಗೈತಿ" ಎಂದರೆ ನಾವು ಬೇರೆ ಔಷಧಿ ಹಿಡಿದುಕೊಂಡು ಬರುತ್ತೇವೆ. ಅತ್ತೆಯವರೇ ಹಾಕಿದ್ದರೂ ಹೇಳಿ, ನಾವು ಅವರಿಗೆ ಹೇಳಲು ಹೋಗುವುದಿಲ್ಲ.